ಮಂಜಿನೊಳಗಿಂದ ಕೂಗಿದವನು

ಆ ದಿನ ಮೈದಾನದಲ್ಲಿ ನಿನ್ನನ್ನು ಕೂಗಿದ್ದು ನಿನ್ನ ಅಜ್ಜಿಯಲ್ಲ, ಸುಧಿ. ನಾನು. ನಿನ್ನ ಮಾಮ. ನಿನ್ನ ಬಲಗೈ ಇವತ್ತಿಗೂ ಭುಜದಿಂದ ಮೇಲಕ್ಕೆ ಏಳದಿರುವುದಕ್ಕೆ ನಿನ್ನ ತಂಡದ ಡ್ಯಾನಿ ಕಾರಣನಲ್ಲ — ಅದಕ್ಕೂ ನಾನೇ. ಇಷ್ಟು ಬರೆಯಲು ನನಗೆ ಅರ್ಧ ಆಯುಸ್ಸು ಹಿಡಿಯಿತು. ನಿನಗೆ ಕನ್ನಡ ಓದಲು ಬರುವುದಿಲ್ಲ, ನಿಮ್ಮಮ್ಮನೇ ಓದಿ ಹೇಳಬೇಕು. ಅದು ಗೊತ್ತಿದ್ದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಕ್ಕಾ, ನಡುವೆ ನಿಲ್ಲಿಸಬೇಡ.

ಎಂಬತ್ತರ ದಶಕದ ಕೊನೆಯ ಆ ವರ್ಷ ಸ್ಯಾನ್ ಮಟಿಯೋದ ನಿಮ್ಮ ಮನೆಯಲ್ಲೇ ನಾನಿದ್ದೆ. ನೀನು ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ — ಚೆಂಡು ಮೊದಲು ಕೈಗೆ ಬರುವುದು ನಿನಗೆ, ಎಸೆಯುವವನೂ ನೀನೇ. ನಮ್ಮ ಕಡೆಯ ಹುಡುಗ, ಅದೂ ಈ ಆಟದಲ್ಲಿ! ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆಫೀಸು ಬಿಟ್ಟವನು ಸೀದಾ ಮೈದಾನಕ್ಕೆ ಬರುತ್ತಿದ್ದೆ. ಕೋಚ್‌ಗೆ ಹಲ್ಲು ಗಿಂಜಿ, ಎದುರಾಳಿಗಳ ಆಟದ ಫಿಲ್ಮು ನೋಡಿ ಅವರ ಚಾಳಿ ಹೇಳುವ ಪುಕ್ಕಟೆ ಕೆಲಸ ಸಂಪಾದಿಸಿಕೊಂಡೆ. ಕ್ರಿಕೆಟ್ಟು ನೋಡಿ ಬೆಳೆದವನು ಒಂದೇ ಸೀಸನ್ನಿನಲ್ಲಿ ಪಂಡಿತನಾಗಿಬಿಟ್ಟೆ. ಅಲ್ಪವಿದ್ಯಾ ಮಹಾಗರ್ವಿ ಅನ್ನುತ್ತಾರಲ್ಲ, ಅದು ನಾನೇ.

ಹಿತ್ತಿಲಲ್ಲಿ ನಾವಿಬ್ಬರೇ ಅಭ್ಯಾಸ ಮಾಡುವಾಗ ನಾನು ಕನ್ನಡದಲ್ಲಿ ಕೂಗುತ್ತಿದ್ದೆ. "ಎಡಕ್ಕೆ!" "ಹತ್ತಿರಕ್ಕೆ!" "ಉದ್ದಕ್ಕೆ ಬಿಡೋ!" ನೀನು ಇಂಗ್ಲಿಷಿನಲ್ಲಿ ನನ್ನನ್ನು ಗೇಲಿ ಮಾಡುತ್ತಲೇ ಹಾಗೇ ಎಸೆಯುತ್ತಿದ್ದೆ. ಮ್ಯಾಚಿನಲ್ಲೂ ಹೀಗೇ ಕೂಗಿದರೆ ಎದುರಿನವರಿಗೆ ಒಂದಕ್ಷರ ತಿಳಿಯಲ್ಲ ಕಣೋ, ಅಂದೆ. ನೀನು ಅವತ್ತೇ ಅಂದಿದ್ದೆ — "ನೋ ಮಾಮ. ನಮ್ಮ ಲೈನಿಗೂ ತಿಳಿಯಲ್ಲ." ಹದಿನೇಳರ ಹುಡುಗನಿಗೆ ಇದ್ದ ಬುದ್ಧಿ ನನಗಿರಲಿಲ್ಲ.

ಅಕ್ಕಾ, ನಿನಗೆ ಬಿಡಿಸಿ ಹೇಳಬೇಕು. ಲೈನು ಅಂದರೆ ಸುಧಿಯ ಮುಂದೆ ಗೋಡೆಯಂತೆ ನಿಂತು ಅವನನ್ನು ಕಾಯುವ ಹುಡುಗರು. ಕೋಚ್ ಎಂಥ ಎಸೆತ ಹೇಳುತ್ತಾನೋ ಅದಕ್ಕೆ ತಕ್ಕಂತೆ ಅವರು ಕಾಯುವ ರೀತಿಯೂ ಬೇರೆ. ಉದ್ದ ಎಸೆತವಾದರೆ ಹಿಂದೆ ಸರಿದು, ಎದೆಯೊಡ್ಡಿ, ಬಂದವನನ್ನು ತಡೆದು ನಿಲ್ಲಿಸುತ್ತಾರೆ. ಗಿಡ್ಡ ಎಸೆತವಾದರೆ ಚೆಂಡು ಕೈಗೆ ಬಂದ ತಕ್ಷಣ ಹೋಗಿಬಿಡುತ್ತದೆ, ಅಷ್ಟು ಹೊತ್ತು ಕಾಯುವ ಅಗತ್ಯವಿಲ್ಲ. ಹಾಗಾಗಿ ಎದುರಾಳಿಯ ಕಾಲಿಗೇ ಬಿದ್ದು ಅವನನ್ನು ಉರುಳಿಸುತ್ತಾರೆ. ಉರುಳಿದವನು ಏಳುವಷ್ಟರಲ್ಲಿ ಆಟ ಮುಗಿದಿರಬೇಕು. ಎಡಗಡೆ, ಅಂದರೆ ಎಸೆಯುವಾಗ ಸುಧಿಯ ಬೆನ್ನಿರುವ ಕಡೆ, ಡ್ಯಾನಿಯದು.

ಆ ಮಧ್ಯಾಹ್ನ ಮ್ಯಾಚಿನ ನಡುವೆ ಗುಡ್ಡ ದಾಟಿ ಮಂಜು ಇಳಿಯಿತು. ಮೊದಲು ಸ್ಕೋರ್‌ಬೋರ್ಡು ಮಾಯವಾಯಿತು, ಆಮೇಲೆ ಆಚೆ ತುದಿಯ ಕಂಬಗಳು. ಜನರ ಗದ್ದಲವೂ ಯಾಕೋ ಅಡಗಿತು. ಬೇಲಿಯ ಹತ್ತಿರ ನಾನೊಬ್ಬನೇ ನಿಂತಿದ್ದೆ. ಎದುರಾಳಿಯ ಕೊನೆಯ ಕಾವಲುಗಾರ ಮುಂದೆ ಓಡಿ ಬರುತ್ತಾನೆ, ಅವನ ಹಿಂದೆ ಬಯಲು, ಉದ್ದ ಎಸೆತ ಹೇಳಿ ಅಂತ ಕೋಚ್‌ನ ತಲೆ ತಿಂದಿದ್ದೆ. "ಅಷ್ಟು ಹೊತ್ತು ನಮ್ಮ ಲೈನು ತಡೆಯಲ್ಲ," ಅಂದು ಅವನು ಗಿಡ್ಡ ಎಸೆತವನ್ನೇ ಹೇಳಿ ಕಳಿಸಿದ. ಚೆಂಡು ನಿನ್ನ ಕೈಗೆ ಬಂತು. ಕಾವಲುಗಾರ ನಾನು ಹೇಳಿದಂತೆಯೇ ಮುಂದೆ ಓಡಿಬಂದ. ನಾನು ಹೇಳಿದಂತೆಯೇ! ತಡೆದುಕೊಳ್ಳಲಾಗಲಿಲ್ಲ —

"ಪುಟ್ಟಾ, ಉದ್ದಕ್ಕೆ ಬಿಡೋ!"

ಪುಟ್ಟಾ. ಹಾಗೆ ನಿನ್ನನ್ನು ಕರೆಯುತ್ತಿದ್ದವಳು ನನ್ನ ಅಮ್ಮ, ನಿನ್ನ ಅಜ್ಜಿ, ಒಬ್ಬಳೇ. ಆ ಬೇಸಿಗೆಯಲ್ಲಷ್ಟೇ ನಿಮ್ಮ ಮನೆಯಲ್ಲಿ ತೀರಿಕೊಂಡಿದ್ದಳು. ನಾನು ಯಾವತ್ತೂ ಹಾಗೆ ಕರೆದವನಲ್ಲ. ಆ ಹೆಸರು ನನ್ನ ಬಾಯಿಗೆ ಎಲ್ಲಿಂದ ಬಂತೋ, ನನಗೇ ಗೊತ್ತಿಲ್ಲ.

ಎಸೆಯಲು ಎತ್ತಿದ ಕೈಯನ್ನು ನೀನು ಇಳಿಸಿದೆ. ತಲೆಯೆತ್ತಿ ದೂರ ನೋಡಿದೆ. ಡ್ಯಾನಿ, ಕೋಚ್ ಹೇಳಿದಂತೆ, ನೆಲಕ್ಕೆ ಬಿದ್ದು ತನ್ನವನನ್ನು ಉರುಳಿಸಿದ್ದ. ಉರುಳಿದವನು ಎದ್ದ. ನೀನು ಇನ್ನೂ ಚೆಂಡು ಹಿಡಿದೇ ನಿಂತಿದ್ದೆ. ಅವನು ಹಿಂದಿನಿಂದ ಓಡಿಬಂದಿದ್ದು ಕಂಡಿತು, ಅಷ್ಟರಲ್ಲಿ ಮಂಜು ಮುಚ್ಚಿತು. ಮೂಳೆಯ ಸದ್ದು ಮಾತ್ರ ಕೇಳಿಸಿತು.

"ಯಾರೋ ಕೂಗಿದರು. ಅದಕ್ಕೇ ಅವನು ಎಸೆಯಲಿಲ್ಲ," ಅಂತ ಡ್ಯಾನಿ ಎಲ್ಲರ ಮುಂದೆ ಹೇಳಿದ. ತನ್ನವನನ್ನು ಏಳಲು ಬಿಟ್ಟು ಈಗ ದೆವ್ವದ ಕಥೆ ಕಟ್ಟುತ್ತಾನೆ ಅಂತ ಹುಡುಗರು ಅವನ ಮೇಲೆ ಹರಿಹಾಯ್ದರು. ಕೋಚ್ ನನ್ನ ಕಡೆ ತಿರುಗಿದ. ನೀವು ಬೇಲಿಯ ಹತ್ತಿರವೇ ಇದ್ದಿರಲ್ಲ, ಯಾರಾದರೂ ಕೂಗಿದರಾ?

"ಇಲ್ಲ," ಅಂದೆ. "ನನಗೇನೂ ಕೇಳಿಸಲಿಲ್ಲ."

ಡ್ಯಾನಿ ನನ್ನ ಮುಖ ನೋಡಿದ. ಆಮೇಲೆ ತನ್ನ ಕಿವಿ ಮುಟ್ಟಿ ನೋಡಿಕೊಂಡ. ಮುಂದಿನ ವಾರ ಕ್ಲಾಸ್‌ರೂಮಿನಲ್ಲಿ ಫಿಲ್ಮು ಹಾಕಿದರು — ದನಿಯಿಲ್ಲದ ಫಿಲ್ಮು. ಡ್ಯಾನಿ ಬೀಳುತ್ತಾನೆ, ನೀನು ಯಾರೋ ಕರೆದಂತೆ ತಲೆಯೆತ್ತುತ್ತೀಯ. ನಾನು ನಿಂತಿದ್ದ ಜಾಗದಲ್ಲಿ ಬರೀ ಬಿಳಿ. ಕೋಚ್ ಅದನ್ನು ಮತ್ತೆ ಮತ್ತೆ ಓಡಿಸಿದ, ಮತ್ತೆ ಮತ್ತೆ ಆ ಹುಡುಗ ಬಿದ್ದ, ನಾನು ಅಲ್ಲೇ ಕೂತು ನೋಡಿದೆ. ಡ್ಯಾನಿ ಹೆಲ್ಮೆಟ್ಟು ವಾಪಸು ಕೊಟ್ಟು ತಂಡ ಬಿಟ್ಟು ಹೋದ. ಅವನ ಮನೆಯವರು ಊರು ಬಿಟ್ಟು ಮಾರ್ಗನ್ ಹಿಲ್ ಕಡೆಗೆ ಹೋದರೆಂದು ಆಮೇಲೆ ಕೇಳಿದೆ.

ಆಸ್ಪತ್ರೆಯಲ್ಲಿ ನಿನಗೆ ಎಚ್ಚರವಾದಾಗ ಆ ಮಧ್ಯಾಹ್ನದ್ದು ಏನೂ ನೆನಪಿರಲಿಲ್ಲ. ಒಂದನ್ನು ಬಿಟ್ಟು. "ಅಜ್ಜಿ ಕಾಲ್ಡ್ ಮಿ. ಪುಟ್ಟಾ ಅಂದ್ರು." ಅಕ್ಕ ನನ್ನ ತೋಳು ಹಿಡಿದುಕೊಂಡಳು. "ಅಮ್ಮ ಇವನನ್ನ ಕರ್ಕೊಂಡು ಹೋಗಕ್ಕೆ ಬಂದಿದ್ಲು ಕಣೋ. ಅವಳಿಗೆ ಇನ್ನೂ ಶಾಂತಿ ಸಿಕ್ಕಿಲ್ಲ." ಅವಳ ಕೈ ತಣ್ಣಗಿತ್ತು. ಅಲ್ಲೇ ಹೇಳಬಹುದಿತ್ತು.

ಅಂದಿನಿಂದ ಅಮ್ಮನ ಪ್ರತಿ ತಿಥಿಯಲ್ಲೂ ಅಕ್ಕ ಹಿತ್ತಿಲ ಬಾಗಿಲಾಚೆ ಇನ್ನೊಂದು ಎಡೆ ಇಡುತ್ತಾಳೆ. ಇಟ್ಟು, ತಿರುಗಿ ನೋಡದೆ ಬಂದು, ಬಾಗಿಲು ಹಾಕುತ್ತಾಳೆ — ಹೆತ್ತ ತಾಯಿ ಒಳಗೆ ಬಾರದಿರಲಿ ಅಂತ. ಅಷ್ಟು ಮುದ್ದಿನಿಂದ ನಿನ್ನನ್ನು ಎತ್ತಿ ಬೆಳೆಸಿದವಳನ್ನು ನಾನು ದೆವ್ವ ಮಾಡಿದೆ. ಮಾಡಿ, ಎಲೆಯ ಮುಂದೆ ಕೂತು ವಡೆ ತಿಂದೆ. ಆಚೆ ಎಲೆ ಸರಪರ ಅನ್ನುವಾಗ ಎಲ್ಲರ ಜೊತೆ ನಾನೂ ಬೆಚ್ಚುತ್ತಿದ್ದೆ.

ಮೊನ್ನೆ ಡ್ಯಾನಿಯನ್ನು ಹುಡುಕಿ ಫೋನ್ ಮಾಡಿದೆ. ಎಲ್ಲ ಹೇಳಿದೆ. ಆಮೇಲೆ ಅವನು ಕೇಳಿದ್ದು ಇಷ್ಟೇ: "ಆ ದಿನ ಕೂಗಿದ್ದನ್ನು ಒಂದು ಸಲ ಕೂಗಿ." ಕೂಗಿದೆ. "ಅದೇ ಮಾತು," ಅಂದ. ಅಳುತ್ತಿದ್ದ. "ನನ್ನ ಕಿವಿಯೇ ಸರಿಯಿಲ್ಲ ಅಂದುಕೊಂಡು ಇಷ್ಟು ವರ್ಷ ಬದುಕಿದೆ, ಹಿಂದಿನಿಂದ ಯಾರಾದರೂ ಕರೆದರೆ ತಿರುಗುವುದನ್ನೇ ಬಿಟ್ಟೆ," ಅಂದ. ಮತ್ತೆ ಅಂದ — "ಆದರೆ ಆ ದಿನ ನನಗೆ ಕೇಳಿಸಿದ್ದು ಹೆಂಗಸಿನ ದನಿ."

ಒಂದು ಗಳಿಗೆ ನನಗೆ ಹಾಯೆನಿಸಿತು, ಸುಧಿ. ಥೂ, ಈ ವಯಸ್ಸಿನಲ್ಲೂ ಬುದ್ಧಿ ನೋಡು! ಅಮ್ಮನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಲ್ಲ ಅಂತ. ಆಗುವುದಿಲ್ಲ. ದನಿ ಯಾರದೇ ಆಗಿರಲಿ, ಬಾಯಿ ನನ್ನದು. "ಇಲ್ಲ" ಅಂದಿದ್ದೂ ಅದೇ ಬಾಯಿ. ಅದನ್ನು ಯಾರೂ ನನ್ನಿಂದ ಆಡಿಸಲಿಲ್ಲ.

ಭಾನುವಾರ ಡ್ಯಾನಿ ನಿಮ್ಮ ಮನೆಗೆ ಬರುತ್ತೇನೆಂದಿದ್ದಾನೆ. ಬಾಗಿಲು ನೀನೇ ತೆಗಿ. ಅಕ್ಕಾ, ಈ ಸಲದ ತಿಥಿಗೆ ಹಿತ್ತಿಲಲ್ಲಿ ಎಡೆ ಇಡಬೇಡ. ಅಮ್ಮನನ್ನು ಒಳಗೆ ಕರೆ. ಬಾಗಿಲಾಚೆ ನಾನು ಕೂರುತ್ತೇನೆ.