ಒಣಗಲು ಬಿಟ್ಟ ಬಣ್ಣ

ಪೀಣ್ಯದ ನಮ್ಮ ಡಿಟಿಪಿ ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಕಾರಿನ ಫೋಟೊಗಳ ಬಣ್ಣ ಬದಲಿಸುತ್ತಿದ್ದವರು ಒಬ್ಬರಿದ್ದರು; ಅದಕ್ಕೂ ಮುಂಚೆ ಅವರು ಲಾರಿಗಳ ಹಿಂದೆ ಹೂವು, ಹುಲಿ ಬರೆಯುತ್ತಿದ್ದ ಪೇಂಟರ್. ಮೌಸನ್ನೂ ಕುಂಚದಂತೆ ಮೂರೇ ಬೆರಳಲ್ಲಿ ಹಿಡಿಯುತ್ತಿದ್ದರು. ಒಂದು ಕೋಟು ಬಳಿದ ಮೇಲೆ ಕೈಕಟ್ಟಿ ಕೂತುಬಿಡುತ್ತಿದ್ದರು. ಯಾಕೆಂದು ಕೇಳಿದರೆ ಒಂದೇ ಮಾತು: "ತಡಿಯೋ ತಮ್ಮಾ, ಒಣಗ್ಲಿ."

ಪರದೆಯ ಮೇಲಿನ ಬಣ್ಣ ಒಣಗುವುದುಂಟೇ! ಆ ಮಾತನ್ನು ಅವರದೇ ಗದಗಿನ ರಾಗದಲ್ಲಿ ಅಣಕಿಸಿ ಇಡೀ ಬೀದಿಯನ್ನು ನಗಿಸುತ್ತಿದ್ದೆ. ನನ್ನ ಬಳಿ ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟ್ ಇತ್ತಲ್ಲ, ಕೊಬ್ಬು.

ಒಮ್ಮೆ ಕಾರ್ಖಾನೆಯೊಂದರ ಮ್ಯಾನೇಜರ್ ತಮ್ಮ ಬಿಳಿ ಕಾರಿನ ಫೋಟೊ ತಂದರು. "ಮರೂನ್ ಹೊಡ್ಸಿದ್ರೆ ಹೆಂಗಿರುತ್ತೆ ತೋರ್ಸಿ. ಒಪ್ಪಿಗೆಯಾದ್ರೆ ನಮ್ ಕ್ಯಾಟಲಾಗ್ ಕೆಲ್ಸನೂ ನಿಮ್ಗೇ."

ಮೊದಲು ನಾನು ಕೈಹಾಕಿದೆ. ಹೊಳಪೆಲ್ಲ ಅಳಿಸಿಹೋಗಿ ಕಾರು ಸೋಪಿನ ಡಬ್ಬಿಯಾಯಿತು. ಅಂಗಡಿಯ ಓನರ್, ಪೇಂಟರ್ ಕಡೆ ತಿರುಗಿ, "ನೀವೂ ಕೆಡ್ಸಿದ್ರೆ ವಾಪಸ್ ಲಾರಿ ಹಿಂದೆನೇ ಕಣ್ರೀ" ಎಂದರು.

ಪೇಂಟರ್ ತೆಳ್ಳಗೆ ಒಂದು ಪದರ ಬಳಿದು ಕೈಕಟ್ಟಿ ಕೂತರು. ನೋಡಿದರು, ತಿದ್ದಿದರು, ಮತ್ತೆ ಕೂತರು. ಅವರು ಕಾಯುತ್ತಿದ್ದದ್ದು ಬಣ್ಣ ಒಣಗಲಿ ಎಂದಲ್ಲ, ಕಣ್ಣು ದಣಿವಾರಿಸಿಕೊಂಡು ಹೊಸದಾಗಿ ನೋಡಲಿ ಎಂದು; ಅದು ನನಗೆ ಆಗ ಹೊಳೆಯಿತು. ಬಾನೆಟ್ಟಿನ ಮೇಲೆ ಬಿದ್ದಿದ್ದ ಕಾರ್ಖಾನೆ ಗೇಟಿನ ಪ್ರತಿಬಿಂಬವನ್ನೂ ಅವರು ಅಳಿಸಲಿಲ್ಲ, ಅದೂ ಮರೂನಿನಲ್ಲೇ ಮಿಂಚಿತು.

ಮ್ಯಾನೇಜರ್ ಪ್ರಿಂಟ್ ತೆಗೆದುಕೊಂಡು ಬಾನೆಟ್ಟನ್ನು ಮೆಲ್ಲಗೆ ಮುಟ್ಟಿದರು. ಆಮೇಲೆ ಬಣ್ಣ ಅಂಟಿತೇನೋ ಎಂದು ಬೆರಳು ತಿರುಗಿಸಿ ನೋಡಿಕೊಂಡರು!

"ಗಟ್ಟಿಯಾಗೇ ಮುಟ್ರಿ ಸಾಹೇಬ್ರ, ಒಣಗೇತಿ" ಎಂದರು ಪೇಂಟರ್.

ಕ್ಯಾಟಲಾಗ್ ನಮ್ಮದಾಯಿತು. ಬೀದಿಯವರು ಬಂದು, "ಎಲ್ಲಿ ಮಗಾ, ಆ 'ಒಣಗ್ಲಿ' ಡೈಲಾಗ್ ಹೊಡಿ" ಎಂದರು. ಹೊಡೆಯೋಣವೆಂದರೆ ನನ್ನ ಗಂಟಲೇ ಒಣಗಿತ್ತು.