ಗುರುಸಿದ್ದಪ್ಪನವರ ಗಾಳಿ ಗ್ರೈಂಡರ್

೧೯೮೬ರ ಜನವರಿ ಎಂಟು, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ನಾಗಪುರದ ಸುಭಾಷನಗರದ ಎರಡು ಕೋಣೆಯ ಮನೆಯಲ್ಲಿ ಗುರುಸಿದ್ದಪ್ಪ ಅಂಗಿಯ ಮೂರನೆಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಮೊದಲಿನ ಎರಡಕ್ಕೇ ನಾಲ್ಕು ನಿಮಿಷ ಹಿಡಿದಿತ್ತು. ಬಲಗೈಯ ತೋರುಬೆರಳು ಮತ್ತು ನಡುಬೆರಳು ಎರಡನೆಯ ಗಿಣ್ಣಿನವರೆಗೆ ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. ಗುಂಡಿ ಬೆರಳ ನಡುವೆ ಇದೆಯೋ ಜಾರಿತೋ ಎಂಬುದು ಕಣ್ಣಿಗೆ ಗೊತ್ತಾಗುತ್ತಿತ್ತೇ ಹೊರತು ಬೆರಳಿಗೆ ಗೊತ್ತಾಗುತ್ತಿರಲಿಲ್ಲ.

ಹೆಂಡತಿ ರಾಜಮ್ಮ ಒಲೆ ಬಿಟ್ಟು ಬಂದರು. "ಸರೀರಿ ಈಕಡೆ. ಉಕ್ಕು ಕೆತ್ತೋ ಕೈಗೆ ಒಂದು ಗುಂಡಿ ಬಗ್ಗವಲ್ದು ಅಂದ್ರ ಜನ ನಗ್ತಾರ."

"ಜನ ಯಾಕ ನಗ್ತಾರ? ನೀ ಒಬ್ಬಾಕಿ ನಕ್ಕೀದಿ, ಅಷ್ಟ ಸಾಕು."

ಗುಂಡಿ ಹಾಕಿ ಮುಗಿಸಿದ ಮೇಲೂ ರಾಜಮ್ಮ ಆ ಎರಡು ಬೆರಳುಗಳನ್ನು ತಮ್ಮ ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಒಲೆಯ ಬಿಸಿ ಇನ್ನೂ ಅವರ ಕೈಯಲ್ಲಿತ್ತು.

ಗುರುಸಿದ್ದಪ್ಪನವರಿಗೆ ಆಗ ಐವತ್ತೊಂದು ವರ್ಷ. ಗದಗಿನಿಂದ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ನಾಗಪುರಕ್ಕೆ ಬಂದವರು, ಹಿಂಗಣಾ ರಸ್ತೆಯ ಒಂದು ಟೂಲ್‌ರೂಮಿನಲ್ಲಿ ಡೈ ಫಿನಿಶರ್ ಆಗಿ ನಿಂತರು. ಡೈ ಎಂದರೆ ಉಕ್ಕಿನ ಅಚ್ಚು. ಮಿಲ್ಲಿಂಗ್ ಯಂತ್ರ ಕೊರೆದು ಬಿಟ್ಟ ಅಚ್ಚಿನ ಒಳಮೈ ಹೊಲದ ಸಾಲಿನಂತೆ ಗೀರುಗೀರಾಗಿರುತ್ತದೆ. ಅದನ್ನು ಕನ್ನಡಿಯಂತೆ ನಯಗೊಳಿಸುವುದು ಫಿನಿಶರನ ಕೆಲಸ. ಅದಕ್ಕಾಗಿ ಅವರು ಇಪ್ಪತ್ತೆರಡು ವರ್ಷ ಬಳಸಿದ್ದು ಮೋಟಾರಿನಿಂದ ಹಾವಿನಂತೆ ಬರುವ ಕೇಬಲ್ಲಿನ ತುದಿಯ ಹಿಡಿಕೆಯನ್ನು. ಅದು ಭಾರ, ಮೇಲಾಗಿ ನಡುಗುತ್ತದೆ. ಆ ನಡುಕವೇ ಬೆರಳುಗಳ ರಕ್ತನಾಳಗಳನ್ನು ಕೆಡಿಸಿದೆ, ಚಳಿ ತಗುಲಿದರೆ ಅವು ಮುಚ್ಚಿಕೊಳ್ಳುತ್ತವೆ ಎಂದು ಡಾಕ್ಟರು ಹೇಳಿದ್ದರು. ಔಷಧಿ ಬರೆದಿರಲಿಲ್ಲ.

ಟೂಲ್‌ರೂಮಿನ ಒಡೆಯ ಉಮಾಠೆ ಮೂವತ್ತೈದರ ಎಂಜಿನಿಯರು. ಕೆಟ್ಟ ಮನುಷ್ಯನಲ್ಲ, ಆದರೆ ಮುಂದಿನ ವಾರದ ಕೆಲಸವನ್ನು ಈ ವಾರವೇ ಯೋಚಿಸುವವನು. ಪ್ರೆಶರ್ ಕುಕ್ಕರಿನ ಹಿಡಿಕೆಯ ಡೈ ಒಂದು ಬಂದಿತ್ತು. ಬೆರಳು ಕೂರುವ ನಾಲ್ಕು ಅಲೆ, ಅಲೆಗಳ ನಡುವೆ ಐದು ಮಿಲಿಮೀಟರ್ ಅಗಲದ ಸಂದು. ಕೇಬಲ್ಲಿನ ಹಳೆಯ ಹಿಡಿಕೆ ಅಲ್ಲಿಗೆ ಇಳಿಯುತ್ತಿರಲಿಲ್ಲ. ಉಮಾಠೆ ನೇರವಾಗಿಯೇ ಹೇಳಿದ್ದ. ಅವರಿಬ್ಬರ ಮಾತು ಮರಾಠಿ ಹಿಂದಿ ಕಲಸಿದ್ದು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಅಣ್ಣಾ, ಗಾಳಿಯಿಂದ ತಿರುಗುವ ಪೆನ್ಸಿಲ್ ಗ್ರೈಂಡರ್ ಒಂದು ತರಿಸೋಣ. ನೀವೇ ಆರಿಸಿ. ಇಪ್ಪತ್ತನೇ ತಾರೀಕಿನೊಳಗೆ ಡೈ ಮುಗಿದರೆ ಬರೋಬರ್. ಮುಗಿಯದಿದ್ದರೆ ಫಿನಿಶಿಂಗ್ ಎಲ್ಲ ಪುಣೆಗೆ. ನೀವು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಲಾರಿ ನಂಬರ್ ಬರೆಯಿರಿ. ಸಂಬಳ ಅದೇ."

ಸಂಬಳ ಅದೇ ಎಂಬುದು ಗುರುಸಿದ್ದಪ್ಪನವರಿಗೆ ಸಮಾಧಾನ ತರಲಿಲ್ಲ. ಬೆಂಚಿನಿಂದ ಎದ್ದರೆ ತಮಗೆ ಹೆಸರೇ ಇರುವುದಿಲ್ಲ ಎಂದು ಅವರಿಗೆ ಅನಿಸಿತ್ತು. ಅವರು ಕುಕ್ಕರಿನ ಡೈಯ ಮೇಲೆ ಎಣ್ಣೆ ಕಾಗದ ಹೊದಿಸಿ, ಮೇಲೊಂದು ಬಟ್ಟೆಯನ್ನೂ ಹಾಕಿಟ್ಟರು.

ಎಂಟನೆಯ ತಾರೀಕು ಹತ್ತೂವರೆಗೆ ಇತವಾರಿ ಪೇಟೆಯ ಅಂಗಡಿಯ ಸೇಠ್ ಮೂರು ಡಬ್ಬಿ ಹಿಡಿದು ಬಂದ. ಮೊದಲನೆಯದನ್ನು ಗುರುಸಿದ್ದಪ್ಪ ಕೈಗೆತ್ತಿಕೊಂಡೇ ಪಕ್ಕಕ್ಕಿಟ್ಟರು: ದಪ್ಪ ಮೈ, ಆರು ಮಿಲಿಮೀಟರಿನ ದಂಡು ಕಚ್ಚುವ ಕಾಲೆಟ್, ಅದೇ ಸಂದಿನ ತಾಪತ್ರಯ. ಉಳಿದ ಎರಡೂ ದಪ್ಪ ಪೆನ್ನಿನಷ್ಟಿದ್ದವು, ಮೂರು ಮಿಲಿಮೀಟರ್ ದಂಡಿನ ಬರ್, ಅಂದರೆ ಉಕ್ಕು ಕೆರೆಯುವ ಹಲ್ಲಿನ ತುದಿ, ಹಿಡಿಯುವಂಥವು.

"ಇದು ತಗೊಳ್ಳಿ ಅಣ್ಣಾ," ಎಂದು ಸೇಠ್ ಎರಡನೆಯದನ್ನು ಮುಂದೆ ಮಾಡಿದ. "ಮಿನಿಟಿಗೆ ಸಾಠ್ ಹಜಾರ್ ಸುತ್ತು! ಅದು ಬರೀ ಚೌಪನ್ ಹಜಾರ್."

ಗುರುಸಿದ್ದಪ್ಪ ಎರಡರಲ್ಲೂ ಒಂದೇ ಬರ್ ಸಿಕ್ಕಿಸಿ, ದಂಡು ಎಷ್ಟು ಓಲಾಡುತ್ತದೆಂದು ಕೈಯಿಂದ ತಿರುಗಿಸಿ ಡಯಲ್ ಗೇಜಿನಲ್ಲಿ ಅಳೆದರು. ಎರಡೂ ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗ. ಆಮೇಲೆ ಗಾಳಿಯ ಪೈಪಿಗೆ ಜೋಡಿಸಿ, ಗಡಿಯಾರ ನೋಡಿಕೊಂಡು, ಒಂದೊಂದನ್ನೂ ಐದು ನಿಮಿಷ ಸುಮ್ಮನೆ ಓಡಿಸುತ್ತ ಬಲಗೈಯಲ್ಲಿ ಹಿಡಿದರು. ಅರವತ್ತು ಸಾವಿರದ್ದರಲ್ಲಿ ಬಳಸಿದ ಗಾಳಿ ಮುಂದಿನಿಂದ, ಬೆರಳುಗಳ ಸಂದಿಯಲ್ಲೇ ಹೊರಬೀಳುತ್ತಿತ್ತು. ಒತ್ತಿ ಹಿಡಿದ ಗಾಳಿ ಹಿಗ್ಗಿದಾಗ ತಣ್ಣಗಾಗುತ್ತದೆ. ಮೂರನೆಯ ನಿಮಿಷಕ್ಕೆ ತೋರುಬೆರಳು ಬೆಳ್ಳಗಾಯಿತು. ಮೇಲಾಗಿ ಅದರ ಸನ್ನೆಯನ್ನು ಓಡುವಷ್ಟು ಹೊತ್ತೂ ಒತ್ತಿಯೇ ಹಿಡಿಯಬೇಕು. ಐವತ್ತನಾಲ್ಕು ಸಾವಿರದ್ದರಲ್ಲಿ ಗಾಳಿ ಹಿಂದಕ್ಕೆ, ಪೈಪಿನ ಮೇಲೆ ತೊಡಿಸಿದ ಕೊಳವೆಯೊಳಗೆ ಹೋಗುತ್ತಿತ್ತು; ಶುರು ಮಾಡಲು ಒಂದು ಬಳೆಯನ್ನು ತಿರುಗಿಸಿದರೆ ಸಾಕು. ಐದು ನಿಮಿಷವಾದರೂ ಬೆರಳು ಬೆರಳಿನ ಬಣ್ಣದಲ್ಲೇ ಇತ್ತು.

"ಇದು," ಎಂದರು.

"ಕಡಿಮೆ ವೇಗದ್ದು ಯಾಕೆ ಅಣ್ಣಾ? ತಲೆಯಿಂದ ಆರಿಸಿದಿರೋ ಬೆರಳಿಂದ ಆರಿಸಿದಿರೋ?" ಉಮಾಠೆ ಕೇಳಿದ.

"ಬೆರಳಿಂದ. ಕೆಲಸಾ ಮಾಡೂದು ಅದ ಅಲ್ಲೇನ್ರಿ ಸಾಹೇಬ?"

ಡಬ್ಬಿಯಲ್ಲಿದ್ದ ಇಂಗ್ಲಿಷ್ ಹಾಳೆಯನ್ನು ಸ್ಟೋರಿನ ರಮಾ ಓದಿ ಹೇಳಿದರು. ರಮಾ ಮೈಸೂರಿನವರು, ಬಿ.ಎಸ್ಸಿ. ಓದಿದವರು, ಗಂಡ ವಾಯುಸೇನೆಯಲ್ಲಿದ್ದುದರಿಂದ ನಾಗಪುರಕ್ಕೆ ಬಂದಿದ್ದರು. ಆ ಟೂಲ್‌ರೂಮಿನಲ್ಲಿ ಗುರುಸಿದ್ದಪ್ಪನವರ ಜೊತೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ.

"ಗಾಳಿಯ ಒತ್ತಡ ಆರು ಕಿಲೋ ಇರಬೇಕಂತೆ. ಪ್ರತಿದಿನ ಫಿಲ್ಟರಿನ ನೀರು ಬಸಿಯಬೇಕಂತೆ. ಲೈನಿನಲ್ಲಿರೋ ಲ್ಯೂಬ್ರಿಕೇಟರ್‌ನಿಂದ ಮಿನಿಟಿಗೆ ಎರಡು ಹನಿ ಎಣ್ಣೆ ಬೀಳಬೇಕಂತೆ. ಲ್ಯೂಬ್ರಿಕೇಟರ್ ಇಲ್ಲದಿದ್ದರೆ, ಬೆಳಿಗ್ಗೆ ಮತ್ತು ಊಟದ ನಂತರ ಗ್ರೈಂಡರಿನ ಬಾಯಿಗೇ ನಾಲ್ಕು ನಾಲ್ಕು ಹನಿ ಬಿಡಬೇಕಂತೆ. ಸಾಣೆಕಲ್ಲಿನ ದಂಡು ಕಾಲೆಟ್‌ನಿಂದ ಹದಿಮೂರು ಮಿಲಿಮೀಟರಿಗಿಂತ ಹೆಚ್ಚು ಹೊರಗೆ ಇರಕೂಡದಂತೆ."

"ತಂಗೀ, ನಿನ್ನ ಕನ್ನಡ ರೇಡಿಯೋದಾಗ ಬಾತ್ಮಿ ಓದಿದಂಗ ಇರ್ತೈತಿ ನೋಡು. ಮಳಿ ಯಾವಾಗ ಅನ್ನೂದೊಂದು ಹೇಳಲಿಲ್ಲ."

"ಅದು ಹಾಳೆಯ ಹಿಂದುಗಡೆ ಇದೆ," ಎಂದರು ರಮಾ, ನಗದೆ.

ಲೈನಿನಲ್ಲಿ ಲ್ಯೂಬ್ರಿಕೇಟರ್ ಇತ್ತು. ಮೊದಲು ಅಲ್ಲಿದ್ದ ಗಾಳಿ ಪ್ರೆಸ್ಸಿಗೆಂದು ಹಾಕಿದ್ದು. ಪ್ರೆಸ್ಸು ಬೇರೆ ಶೆಡ್ಡಿಗೆ ಹೋದ ಮೇಲೆ ಆ ಪೈಪನ್ನು ಉಕ್ಕಿನ ಚೂರುಗಳನ್ನು ಊದಿ ತೆಗೆಯಲಷ್ಟೇ ಬಳಸುತ್ತಿದ್ದರು. ಗಾಜಿನ ಬಟ್ಟಲಿನಲ್ಲಿ ಎಣ್ಣೆ ಕೆಂಪು ಗೆರೆಯವರೆಗೆ ತುಂಬಿತ್ತು. ಎಲ್ಲರೂ ಒಮ್ಮೆ ತಲೆಯೆತ್ತಿ ನೋಡಿದರು. ಗುರುಸಿದ್ದಪ್ಪನವರೂ ನೋಡಿದರು.

ಒಂಬತ್ತನೆಯ ತಾರೀಕು ಅವರು ಡೈಯ ಬಟ್ಟೆ ತೆಗೆದರು. ಮೊದಲು ಬರ್, ಆಮೇಲೆ ಕಲ್ಲು, ಕೊನೆಗೆ ಹೊಳಪಿನ ಪೇಸ್ಟು ಹಚ್ಚಿದ ಉಣ್ಣೆಯ ಉಂಡೆ. ಹಳೆಯ ಹಿಡಿಕೆಯಲ್ಲಿ ಒತ್ತಬೇಕಾಗಿತ್ತು; ಇದರಲ್ಲಿ ಒತ್ತಿದರೆ ಸುತ್ತು ಕಡಿಮೆಯಾಗುತ್ತದೆ ಎಂಬುದನ್ನು ಕಲಿಯಲು ಅವರಿಗೆ ಅರ್ಧ ಗಂಟೆ ಸಾಕಾಯಿತು. ಅದನ್ನು ಬರೆಯುವ ಸೀಸದಂತೆ ಹಿಡಿದು, ಗೀರಿನ ಮೇಲೆ ಅಡ್ಡಡ್ಡವಾಗಿ, ತೂಕವನ್ನೇ ಹಾಕದೆ ಸಾಗಿಸಿದರು. ನಯವನ್ನು ಪರೀಕ್ಷಿಸುತ್ತಿದ್ದುದು ಎಡಗೈಯ ಉಂಗುರಬೆರಳಿನ ಉಗುರಿನಿಂದ. ಸ್ಪರ್ಶ ಉಳಿದಿದ್ದದ್ದು ಅಲ್ಲಿ. ಹತ್ತನೆಯ ತಾರೀಕು ಸಂಜೆಗೆ ಎರಡು ಅಲೆ ಮುಗಿದವು. ಅಂದು ರಾತ್ರಿ ಅವರು ರೊಟ್ಟಿಯನ್ನು ಬಲಗೈಯಿಂದಲೇ ಮುರಿದದ್ದನ್ನು ರಾಜಮ್ಮ ನೋಡಿದರು.

ಹನ್ನೊಂದರಂದು ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಗ್ರೈಂಡರಿನ ದನಿ ಇಳಿಯಿತು.

"ಸೊಳ್ಳಿ ಹೋಗಿ ದುಂಬಿ ಬಂತು," ಎಂದರು ಗುರುಸಿದ್ದಪ್ಪ, ಯಾರಿಗೆಂದಿಲ್ಲ. ಗಾಳಿಯ ಒತ್ತಡ ನೋಡಿದರು: ಆರೇ ಇತ್ತು. ನೀರು ಬಸಿದರು: ಇರಲಿಲ್ಲ. ಮತ್ತೆ ಓಡಿಸಿದರು. ಕಲ್ಲು ಉಕ್ಕನ್ನು ಮುಟ್ಟಿದೊಡನೆ ನಿಂತೇಬಿಟ್ಟಿತು.

ಉಮಾಠೆ ಬಂದ, ಹಿಂದೆಯೇ ಹಾಳೆ ಹಿಡಿದು ರಮಾ ಬಂದರು. "ಎರಡೂವರೆ ದಿನಕ್ಕೇ? ಆಟಿಕೆ ಆರಿಸಿದಿರಲ್ಲ ಅಣ್ಣಾ," ಎಂದ ಉಮಾಠೆ. "ಸೇಠ್ ಹೇಳಿದ್ದನ್ನು ತಗೊಂಡಿದ್ದರೆ ಆಗುತ್ತಿತ್ತು. ಇದನ್ನು ವಾಪಸು ಕಳಿಸೋಣ. ಮಾಲೇ ಖೋಟಿ ಅಂತ ಬರೆದುಬಿಡೋಣ."

ಗುರುಸಿದ್ದಪ್ಪ ತಲೆಯೆತ್ತಿ ಗಾಜಿನ ಬಟ್ಟಲನ್ನು ನೋಡಿದರು. ಎಣ್ಣೆ ಕೆಂಪು ಗೆರೆಯ ಮೇಲೇ ನಿಂತಿತ್ತು. ಗ್ರೈಂಡರ್ ಒಟ್ಟು ಆರು ಗಂಟೆ ಓಡಿತ್ತು. ಮಿನಿಟಿಗೆ ಎರಡರಂತೆ ಏಳುನೂರ ಇಪ್ಪತ್ತು ಹನಿ ಬಿದ್ದಿರಬೇಕು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದರೂ ಬಟ್ಟಲಿನಿಂದ ಮೂವತ್ತಾರು ಮಿಲಿಲೀಟರ್ ಹೋಗಿರಬೇಕು. ಒಂದು ಹನಿಯೂ ಹೋಗಿರಲಿಲ್ಲ. ಯಾಕೆ ಹೋಗಿರಲಿಲ್ಲ ಎಂಬುದು ಅವರಿಗೆ ಆ ಕ್ಷಣ ನೆನಪಾಯಿತು.

ಹಿಂದಿನ ಏಪ್ರಿಲ್ ತಿಂಗಳು ಅದು. ನಾಗಪುರದ ಬೇಸಿಗೆ ನಲವತ್ತೈದು ಡಿಗ್ರಿ ದಾಟಿದಾಗ ಆ ಟೂಲ್‌ರೂಮಿನಲ್ಲಿ ಒಂದು ಪದ್ಧತಿ ಇತ್ತು: ಟವೆಲ್ ನೆನೆಸಿ ಕುತ್ತಿಗೆಗೆ ಸುತ್ತಿಕೊಳ್ಳುವುದು, ಅದರೊಳಗೆ ಪೈಪಿನ ಗಾಳಿ ಬಿಟ್ಟುಕೊಳ್ಳುವುದು. ಮೈಮೇಲೆ ಗಾಳಿ ಬಿಟ್ಟುಕೊಳ್ಳಬಾರದೆಂದು ಗೋಡೆಯ ಮೇಲೆ ಮರಾಠಿಯಲ್ಲಿ ಬರೆಸಿತ್ತು. ಆ ಬರಹದ ಕೆಳಗೆ ನಿಂತೇ ಬಿಟ್ಟುಕೊಳ್ಳುತ್ತಿದ್ದರು, ಪಂಖಾ ಇದ್ದದ್ದು ಅಲ್ಲಿ. ಗಾಳಿಯ ಜೊತೆ ಎಣ್ಣೆಯ ಮಂಜೂ ಬಂದು ಟವೆಲ್ಲಿಗೆ ಹಳದಿ ಕಲೆ ಹತ್ತುತ್ತಿತ್ತು. ರಾಜಮ್ಮ ಎರಡು ಸಲ ಒಗೆದು, ಮೂರನೆಯ ಸಲ ಟವೆಲನ್ನು ಅವರ ಮುಂದೆ ಎಸೆದಿದ್ದರು: "ಇದರಾಗ ನಿಮ್ಮ ಮಷೀನು ಒರಸ್ರಿ, ಮಾರಿ ಒರಸಬ್ಯಾಡ್ರಿ." ಮರುದಿನ ಗುರುಸಿದ್ದಪ್ಪ ಏಣಿ ಹಾಕಿ, ಲ್ಯೂಬ್ರಿಕೇಟರಿನ ಮೇಲಿನ ಸ್ಕ್ರೂವನ್ನು ಬಲಕ್ಕೆ, ಬಿಗಿಯುವವರೆಗೆ ತಿರುಗಿಸಿದ್ದರು. ಆ ಬೇಸಿಗೆ ಎಲ್ಲರ ಟವೆಲ್ಲೂ ಬೆಳ್ಳಗೆ ಉಳಿದಿತ್ತು. ಆಮೇಲೆ ಮಳೆ ಬಂತು, ಎಲ್ಲರೂ ಮರೆತರು.

ಸುಮ್ಮನಿದ್ದರೆ ಗ್ರೈಂಡರ್ ವಾಪಸು ಹೋಗುತ್ತಿತ್ತು, ತಪ್ಪು ಅದನ್ನು ತಯಾರಿಸಿದವರ ತಲೆಗೆ ಬೀಳುತ್ತಿತ್ತು, ಬೇರೊಂದು ಬರುತ್ತಿತ್ತು. ಹೇಳಿದರೆ, ಸಾಮಾನು ಕೆಡಿಸಿದವನೇ ತಾನೆಂದು ಒಪ್ಪಿದಂತೆ. ಗೇಟಿನ ಕುರ್ಚಿ ಅಲ್ಲಿಂದ ನೂರು ಹೆಜ್ಜೆ.

ರಮಾ ಹಾಳೆಯ ಮೇಲೆ ಬೆರಳಿಟ್ಟುಕೊಂಡು ಕೇಳಿದರು: "ಎಣ್ಣೆ ಮಿನಿಟಿಗೆ ಎಷ್ಟು ಹನಿ ಬೀಳ್ತಾ ಇದೆ?"

"ಸೊನ್ನಿ," ಎಂದರು ಗುರುಸಿದ್ದಪ್ಪ. ಆಮೇಲೆ ಉಮಾಠೆಯ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು: "ಮಾಲು ಚಲೋ ಐತಿ ಸಾಹೇಬ. ಆ ಸ್ಕ್ರೂ ಬಂದ್ ಮಾಡಿದಾಂವ ನಾ. ಟವೆಲ್ಲಿನ ಸಲುವಾಗಿ."

ಉಮಾಠೆ ಸ್ಕ್ರೂ ನೋಡಿದ, ಗೋಡೆಯ ಬರಹ ನೋಡಿದ. ಮೇ ತಿಂಗಳಲ್ಲಿ ಅದೇ ಪೈಪನ್ನು ತಾನೂ ಕೊರಳಿಗೆ ಹಿಡಿದುಕೊಂಡದ್ದು ಅವನಿಗೆ ನೆನಪಾಗಿರಬೇಕು. ಕಿವಿಯ ಹಿಂದೆ ಕೆರೆದುಕೊಂಡ.

"ಕಲೆ ಯಾಕೆ ಹತ್ತುತ್ತಿಲ್ಲ ಅಂತ ನಾನೂ ಕೇಳಲಿಲ್ಲ," ಎಂದ. "ಬಿಚ್ಚಿ, ನೋಡೋಣ."

ಗುರುಸಿದ್ದಪ್ಪ ಬಿಳಿ ಬಟ್ಟೆ ಹಾಸಿ ಗ್ರೈಂಡರನ್ನು ಬಿಚ್ಚಿದರು. ಸಣ್ಣ ತಿರುಪುಗಳನ್ನು ಅವರ ಬಲಗೈ ಹಿಡಿಯಲಿಲ್ಲ, ರಮಾ ಹಿಡಿದರು. ಒಳಗಿನ ಸುತ್ತುಗಂಬದ ಸೀಳುಗಳಲ್ಲಿ ಜಾರಾಡಬೇಕಾದ ತೆಳು ಪಟ್ಟಿಗಳು ಒಣಗಿ ಕಚ್ಚಿಕೊಂಡಿದ್ದವು. ಒಂದರ ಅಂಚು ಸ್ವಲ್ಪ ಸವೆದಿತ್ತು, ಯಾವುದೂ ಮುರಿದಿರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಒರಸಿ, ಜೋಡಿಸಿ, ಬಾಯಿಗೆ ನಾಲ್ಕು ಹನಿ ಬಿಟ್ಟರು. ಗಾಳಿ ಕೊಟ್ಟಾಗ ಮೊದಲು ಕೆಮ್ಮಿತು. ಒಂದೂವರೆ ನಿಮಿಷದ ಮೇಲೆ ದುಂಬಿ ಹೋಗಿ ಸೊಳ್ಳೆ ಬಂತು.

ಉಮಾಠೆ ಏಣಿ ತರಹೋದ, ಸ್ಕ್ರೂ ತೆರೆಯಲು. ಗುರುಸಿದ್ದಪ್ಪ ತಡೆದರು.

"ಬ್ಯಾಡ್ರಿ. ಇನ್ನ ಮೂರು ತಿಂಗಳಿಗೆ ಮತ್ತ ಏಪ್ರಿಲ್ ಬರತೈತಿ, ಟವೆಲ್ ಬರ್ತಾವು. ಇದರ ಎಣ್ಣಿ ನಾ ಕೈಲೆ ಹಾಕ್ತೀನಿ. ಹಾಳ್ಯಾಗ ಅದಕ್ಕೂ ಪರವಾನಗಿ ಐತಿ."

ಡೈ ಹದಿನೇಳರ ಸಂಜೆ ಮುಗಿಯಿತು. ಉಮಾಠೆ ಅದನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದು, ನಾಲ್ಕು ಅಲೆಗಳಲ್ಲೂ ತನ್ನ ಮುಖ ನೋಡಿಕೊಂಡ. ಪುಣೆಯ ಮಾತು ಮತ್ತೆ ಎತ್ತಲಿಲ್ಲ. ಗೇಟಿನ ಕುರ್ಚಿಗೆ ಬೇರೆಯವರು ಬಂದರು.

ಬೆರಳುಗಳು ಗುಣವಾಗಲಿಲ್ಲ, ಆಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಬಿಳುಪು ಎರಡನೆಯ ಗಿಣ್ಣು ದಾಟಲಿಲ್ಲ. ಅಂಗಿಗಳ ಗುಂಡಿಯನ್ನೆಲ್ಲ ರಾಜಮ್ಮ ಬಿಚ್ಚಿ ಟಿಚ್ ಬಟನ್ ಹೊಲಿದರು. ಅಂಗಿ ಹಾಕಿಕೊಳ್ಳಲು ಈಗ ಒಂದು ನಿಮಿಷ ಸಾಕು. ಆದರೂ ಚಳಿಗಾಲದ ಬೆಳಿಗ್ಗೆ ಅವರು ಒಲೆಯ ಬಳಿ ಹೋಗಿ ಬಲಗೈ ಚಾಚಿ ನಿಲ್ಲುತ್ತಿದ್ದರು.

೧೯೮೮ರ ಜೂನ್‌ನಲ್ಲಿ ರಮಾ ಅವರ ಗಂಡನಿಗೆ ವರ್ಗವಾಯಿತು. ಕೊನೆಯ ದಿನ ಅವರು ಬೆಂಚಿನ ಹತ್ತಿರ ಬಂದಾಗ ಊಟದ ಬಿಡುವು ಆಗತಾನೇ ಮುಗಿದಿತ್ತು. ಗೋಡೆಯ ಬರಹದ ಕೆಳಗೆ ಇಬ್ಬರು ಟವೆಲ್ಲಿಗೆ ಗಾಳಿ ಹಿಡಿಸಿಕೊಳ್ಳುತ್ತಿದ್ದರು. ಟವೆಲ್ಲುಗಳು ಬೆಳ್ಳಗಿದ್ದವು. ಗುರುಸಿದ್ದಪ್ಪ ಎಣ್ಣೆಯ ಪುಟ್ಟ ಡಬ್ಬಿಯನ್ನು ಗ್ರೈಂಡರಿನ ಬಾಯಿಗೆ ಬಗ್ಗಿಸಿ, ತುಟಿಯಲ್ಲೇ ಎಣಿಸುತ್ತಿದ್ದರು.

"ಹೋಗೋ ಮುಂಚೆ ಲೆಕ್ಕ ಒಪ್ಪಿಸಿ," ಎಂದರು ರಮಾ, ತಲೆಯ ಮೇಲಿನ ಗಾಜಿನ ಬಟ್ಟಲನ್ನು ತೋರಿಸಿ. "ಈಗ ಎಷ್ಟು ಹನಿ?"

ಗುರುಸಿದ್ದಪ್ಪ ಡಬ್ಬಿ ಕೆಳಗಿಟ್ಟರು. "ಅದಕ್ಕ ಸೊನ್ನಿ, ತಂಗಿ," ಎಂದರು. "ಇದಕ್ಕ ನಾಕು."