ಜಗಲಿಗೆ ಬಂದ ಬೆಟ್ಟದ ಮಠ

"ನಾವು ಬದರಿಗೆ ಹೋದಾಗ..."

ಇಷ್ಟನ್ನು ನಾನು ಚಿಕ್ಕಜ್ಜಿಯ ದನಿಯಲ್ಲಿ ಹೇಳಿದರೆ ಸಾಕು, ನಮ್ಮ ಮನೆಯ ನಾಯಿ ಎದ್ದು ಹಿತ್ತಿಲಿಗೆ ಹೋಗುತ್ತದೆ. ಚಿಕ್ಕಜ್ಜಿ ಅಂದರೆ ಅಜ್ಜಿಯ ತಂಗಿ, ಮುತ್ತಿನಕೊಪ್ಪದವಳು. ಕೆಲವು ವರ್ಷಗಳ ಹಿಂದೆ ಮಗನ ಜೊತೆ ಟೂರ್ ಬಸ್ಸಿನಲ್ಲಿ ಉತ್ತರದ ಯಾತ್ರೆ ಮುಗಿಸಿ ಬಂದಳು. ಅಲ್ಲಿಂದ ಮುಂದೆ ಯಾರ ಮನೆ ಮದುವೆಯಲ್ಲಿ ಸಾರು ಸಪ್ಪೆಯಾದರೂ, ಯಾರ ಮೊಣಕಾಲು ನೋಯುತ್ತಿದ್ದರೂ ಅವಳ ಮಾತು ಹೊರಡುವುದು ಬದರಿಯಿಂದಲೇ. ಅವಳ ದನಿ ಹಿಡಿಯುವುದು ಕಷ್ಟವಲ್ಲ. ಗಲ್ಲ ಸ್ವಲ್ಪ ಮೇಲೆ, ಕಣ್ಣು ಅರ್ಧ ಮುಚ್ಚಬೇಕು, ಮೂಗಿನಲ್ಲಿ ಒಂದಿಷ್ಟು ಹಿಮಾಲಯದ ನೆಗಡಿ ಇರಬೇಕು.

ನಾನು ಕೊಪ್ಪದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಮದುವೆ ರಿಸೆಪ್ಶನ್ನುಗಳಲ್ಲಿ ಆರ್ಕೆಸ್ಟ್ರಾದವರು ನೀರು ಕುಡಿಯಲು ಹೋದಾಗ ಸ್ಟೇಜು ಹತ್ತಿ ಮಿಮಿಕ್ರಿ ಮಾಡುತ್ತೇನೆ. ಬಸ್ ಕಂಡಕ್ಟರ್, ಕಳೆ ಹೊಡೆಯುವ ಮಷಿನ್, ಫೋನಿನೊಳಗೆ ಕೂತು ದಾರಿ ಹೇಳುವ ಹೆಂಗಸು ಎಲ್ಲರೂ ನನ್ನ ಗಂಟಲಲ್ಲಿದ್ದಾರೆ. ನನಗೇ ಅಲ್ಲಿ ಜಾಗ ಸಾಲುವುದಿಲ್ಲ. ನಿನ್ನ ದನಿಯಲ್ಲಿ ಎರಡು ಮಾತಾಡು ಅಂದರೆ ತೊದಲುತ್ತೇನೆ.

ಅಜ್ಜಿ ಬದರಿಗೆ ಹೋಗಲಿಲ್ಲ. ಹೋಗುವ ಹಾಗಿರಲಿಲ್ಲ. ಹರಿಹರಪುರದ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಹೋಗುವಷ್ಟರಲ್ಲೇ ಅವಳಿಗೆ ಉಬ್ಬಸ. "ನಿಮಗೆ ಬೆಟ್ಟ ಆಗೂದಿಲ್ಲ" ಎಂದು ಡಾಕ್ಟರು ಹೇಳಿದ ಮೇಲೆ ಅವಳು ಯಾತ್ರೆಯ ಮಾತೆತ್ತಲಿಲ್ಲ. ಆದರೆ ತಂಗಿ ಬಂದು ಜಗಲಿಯಲ್ಲಿ ಕೂತು ಬದರಿ ಶುರು ಮಾಡಿದರೆ ಅಜ್ಜಿ ಎಲೆಅಡಿಕೆ ತಟ್ಟೆಯಲ್ಲಿ ಇಲ್ಲದ ಲವಂಗವನ್ನು ಹುಡುಕುತ್ತಾ ತಲೆ ತಗ್ಗಿಸಿಯೇ ಇರುತ್ತಿದ್ದಳು.

ಹೋದ ವರ್ಷ ಜಗಲಿಯ ಗೋಡೆ ಥಂಡಿ ಹಿಡಿದು ಸಿಮೆಂಟು ಉದುರತೊಡಗಿತು. ಅಪ್ಪ ಬಸರೀಕಟ್ಟೆ ಕಡೆ ಎಸ್ಟೇಟಿಗೆ ಆಳುಗಳನ್ನು ಸಾಗಿಸುವ ಜೀಪಿನ ಡ್ರೈವರು. ಅವನಿಗೆ ಎಲ್ಲದಕ್ಕೂ ಒಂದೇ ಮದ್ದು, "ಟೈಲ್ಸ್ ಹಾಕ್ಸಿ ಬಿಡೂದು." ಅಜ್ಜಿ ಆಗ ಬಾಯಿಬಿಟ್ಟಳು. "ಹಾಕ್ಸೂದಾದ್ರೆ ಚಿತ್ರದ್ದು ಹಾಕ್ಸು. ಬೆಟ್ಟದ ಮೇಲೆ ಮಠ ಇರೂದು. ಬದರಿ ದಾರೀಲಿ ಒಂದು ಉಂಟಂತಲ್ಲ, ನಮ್ಮ ಶೃಂಗೇರಿ ಹಾಂಗೆ, ಅದು."

ಕೊಪ್ಪದ ಟೈಲ್ಸ್ ಅಂಗಡಿಯಲ್ಲಿ ಗಣಪತಿ ಇದ್ದ, ಕುದುರೆಗಳಿದ್ದವು, ಜಲಪಾತವಿತ್ತು. ಬೆಟ್ಟದ ಮಠ ಅಂದದ್ದೇ ಅಂಗಡಿಯವರು ಒಳಗಿಂದ ದೂಳು ಹಿಡಿದ ಒಂದು ಪೆಟ್ಟಿಗೆ ತಂದರು. ಯಾರೋ ಹೇಳಿ ತರಿಸಿ, ಆಮೇಲೆ ಒಯ್ಯಲು ಬರಲೇ ಇಲ್ಲವಂತೆ. ಹನ್ನೆರಡು ಟೈಲ್ಸ್ ಸೇರಿದರೆ ಒಂದು ಚಿತ್ರ. ನೆಲದ ಮೇಲೆ ಜೋಡಿಸಿದಾಗ ನಾನೂ ಬಾಯಿ ತೆರೆದೆ. ಬೆರಳುಗಳನ್ನು ಒತ್ತಾಗಿ ಎತ್ತಿ ನಿಲ್ಲಿಸಿದ ಹಾಗೆ ಬಂಡೆಗಳು, ಅವುಗಳ ಮಡಿಲಲ್ಲಿ ಸಾಲು ಸಾಲು ಕಿಟಕಿಗಳ ದೊಡ್ಡ ಕಟ್ಟಡ, ಪಕ್ಕದಲ್ಲಿ ಗಂಟೆಯ ಗೋಪುರ, ಕೆಳಗಿನಿಂದ ಸುತ್ತಿ ಸುತ್ತಿ ಹತ್ತುವ ದಾರಿ, ದಾರಿಯ ತುಂಬ ಕಾಳಿನಷ್ಟು ಜನ. ಸುತ್ತ ನೀಲಿ ಬಳ್ಳಿಯ ಅಂಚು.

"ಇದು ಬದರಿ ಕಡೇದೇನಾ?" ಎಂದ ಅಪ್ಪ.

"ಬೆಟ್ಟ ಉಂಟು, ಮಠ ಉಂಟು, ಯಾತ್ರೆ ಜನ ಉಂಟು. ಮತ್ತೆಂತ ಬೇಕು ಮಾರಾಯ್ರೆ?" ಎಂದರು ಅಂಗಡಿಯವರು. ಈಗ ಯೋಚಿಸಿದರೆ ಅವರು ಹೌದು ಅಂದೇ ಇಲ್ಲ.

ಟೈಲ್ಸ್ ಕೂರಿಸಲು ನರಸಿಂಹರಾಜಪುರದಿಂದ ಒಬ್ಬ ಮೇಸ್ತ್ರಿ ಬಂದ. ಮೊದಲು ಜಗಲಿಯ ನೆಲದ ಮೇಲೆ ಹರಡಿ ನೋಡಿದ. ಅಜ್ಜಿ ಬಾಗಿಲಲ್ಲೇ ನಿಂತು ಕಾವಲು ಕಾದಳು. "ದಾಟ್ಬೇಡ! ಮಠ ಅದು, ಸುತ್ತು ಹಾಕಿ ಬಾ." ಆ ದಿನ ನಾವೆಲ್ಲ ಅಡುಗೆಮನೆಗೆ ಹೋಗಲು ಹಿತ್ತಿಲು ಬಳಸಿ ಹೋದೆವು. ಮೇಸ್ತ್ರಿ ಮೇಲಿನ ಸಾಲಿನ ಟೈಲ್ಸ್ ಗೋಡೆಗೆ ಒತ್ತುವ ಮೊದಲು ಅದನ್ನು ಬೆರಳಿನಿಂದ ಮುಟ್ಟಿ ಹಣೆಗೆ ಒತ್ತಿಕೊಂಡ. ನಮ್ಮ ದೇವರೆಂದರೆ ಎಷ್ಟು ಮರ್ಯಾದೆ ಎಂದು ನನಗೆ ಖುಷಿಯಾಯಿತು.

ಮರುದಿನದಿಂದ ಅಜ್ಜಿಯ ಯಾತ್ರೆ ಶುರುವಾಯಿತು. ಸಂಜೆ ಗೋಡೆಗೆ ಎದುರಾಗಿ ಕುರ್ಚಿ ಹಾಕಿಸಿಕೊಂಡು ಬೆರಳಿನಿಂದ ದಾರಿ ಹತ್ತುತ್ತಾಳೆ. ನಾನು ಕಂಡಕ್ಟರು. "ಮಠ ಮಠ ಮಠ! ಯಾರ್ರೀ ಮಠ, ಮುಂದೆ ಬನ್ನಿ, ಅಜ್ಜೀ ಚಿಲ್ಲರೆ ಕೊಡಿ!" ಅವಳು ನಗುತ್ತಾ ಒಂದು ತಿರುವು ಹತ್ತಿ, ಉಸಿರು ಸಾಕಾಯಿತೆಂಬ ಹಾಗೆ ಬೆರಳನ್ನು ಅಲ್ಲೇ ನಿಲ್ಲಿಸುತ್ತಾಳೆ. "ಇವತ್ತಿಗೆ ಇಷ್ಟು ಸಾಕು." ದಾರಿಯ ನಡುವೆ ಕೆಂಪು ಬಟ್ಟೆಯ ಒಬ್ಬ ಹೆಂಗಸು ಕೋಲೂರಿ ಹತ್ತುತ್ತಿದ್ದಾಳೆ. ಅಜ್ಜಿ ಅವಳನ್ನು ಮೊದಲ ದಿನವೇ ಗುರುತಿಸಿದ್ದಳು. "ಅದು ನಾನು."

ಹೊಸ ಜಗಲಿಗೆಂದು ಸತ್ಯನಾರಾಯಣ ಪೂಜೆ ನಿಗದಿಯಾಯಿತು. ಅಜ್ಜಿಯೇ ತಂಗಿಗೆ ಫೋನು ಮಾಡಿದಳು, ಅದೂ ಸ್ಪೀಕರಿನಲ್ಲಿ. "ನೀ ನೋಡಿದ ಮಠ ಈಗ ನಮ್ಮ ಜಗಲೀಲೇ ಉಂಟು ಮಾರಾಯ್ತಿ. ಬಂದು ಸರಿ ಉಂಟಾ ತಪ್ಪುಂಟಾ ಎಲ್ಲರೆದುರು ಹೇಳು."

"ಬರ್ತೆ. ನಂಗೆ ಅಲ್ಲಿದು ಒಂದೊಂದು ಕಲ್ಲೂ ಗೊತ್ತು" ಎಂದಳು ಚಿಕ್ಕಜ್ಜಿ.

ಪೂಜೆಗೆ ಎರಡು ದಿನವಿರುವಾಗ ಟೈಲ್ಸಿನ ಮೇಲೆ ಉಳಿದಿದ್ದ ಬಿಳಿ ಸಿಮೆಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಗಂಟೆಯ ಗೋಪುರದ ತುದಿಯಲ್ಲಿ ಏನೋ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದರೂ ಹೋಗಲಿಲ್ಲ. ಸಿಮೆಂಟಲ್ಲ, ಚಿತ್ರವೇ. ಹತ್ತಿರ ಹೋಗಿ ನೋಡಿದೆ, ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ. ಶಿಲುಬೆ.

ಗೋಡೆಯ ಫೋಟೋ ತೆಗೆದು ಹುಡುಕಿದರೆ ಫೋನು ಕ್ಷಣದಲ್ಲಿ ಉತ್ತರ ಕೊಟ್ಟಿತು. ಸಮುದ್ರಗಳಾಚೆಯ ಯಾವುದೋ ದೇಶದ ಬೆಟ್ಟ. ಕ್ರೈಸ್ತ ಸನ್ಯಾಸಿಗಳ ಮಠ. ಜನ ಅಲ್ಲಿಗೂ ನಡೆದೇ ಹತ್ತುತ್ತಾರಂತೆ.

ಮೇಸ್ತ್ರಿಗೆ ಫೋನು ಮಾಡಿದೆ. "ಅಣ್ಣ, ಮೇಲೆ ಶಿಲುಬೆ ಉಂಟಲ್ಲ!"

"ಹೌದಲ್ಲ. ನಂಗೆ ಮೊದ್ಲೇ ಕಂಡಿತ್ತು."

"ಮತ್ತೆ ಹೇಳೂದಲ್ವಾ?"

"ನೀವು ಗೊತ್ತಿದ್ದೇ ಹಾಕಿಸ್ತಿದೀರಿ ಅಂದ್ಕಂಡೆ ಮಾರಾಯ. ಅಜ್ಜಿ ಬೇರೆ ದಾಟೂದಕ್ಕೂ ಬಿಡ್ತಿರ್ಲಿಲ್ಲ. ನಾನು ಮನೇಲಿ, ನಮ್ಮ ಚರ್ಚಲ್ಲಿ ಎಲ್ಲ ಹೇಳಿ ಖುಷಿಪಟ್ಟಿದ್ದೇ ಪಟ್ಟಿದ್ದು."

"ಈಗ ಕೀಳೂಕ್ಕಾಗ್ತದಾ?"

"ಕಿತ್ರೆ ಒಡೀತದೆ. ಹನ್ನೆರಡೂ."

ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ನನಗೆ ಶಿಲುಬೆಯ ಚಿಂತೆಯಿರಲಿಲ್ಲ, ನರಸಿಂಹರಾಜಪುರದ ಬಸ್ಸಿನಲ್ಲಿ ಪಕ್ಕದ ಸೀಟಿನವರ ಕೊರಳಲ್ಲೇ ಅದನ್ನು ನೋಡುತ್ತಾ ಬೆಳೆದವನು ನಾನು. ನನ್ನ ಚಿಂತೆಯೆಲ್ಲ ಚಿಕ್ಕಜ್ಜಿಯ ಬಾಯಿಯದು. ಅವಳು ಕನ್ನಡಕ ಏರಿಸಿ, ಇಡೀ ನೆಂಟರ ಎದುರು "ಅಕ್ಕ, ಇದು ಆ ಮಠವೇ ಅಲ್ಲ" ಅಂದರೆ ಅಜ್ಜಿ ಮತ್ತೆ ಎಲೆಅಡಿಕೆ ತಟ್ಟೆಗೆ ತಲೆ ಬಗ್ಗಿಸುತ್ತಾಳೆ, ಇನ್ನು ಎತ್ತುವುದಿಲ್ಲ. ಹೇಳಿಬಿಡೋಣ ಎಂದು ಹೋದರೆ ಅವಳು ಕುರ್ಚಿಯಲ್ಲಿ ಕೂತು ಕಾಯುತ್ತಿದ್ದಳು. "ಎಲ್ಲಿಗೆ ಹೋಗಿದ್ಯಾ ಕಂಡಕ್ಟ್ರೇ? ಬಸ್ ಲೇಟು." ನಾನು ಬಾಯಿ ತೆರೆದೆ. ಬಂದದ್ದು "ಮಠ ಮಠ ಮಠ!"

ಪೂಜೆಯ ದಿನ ಬೆಳಿಗ್ಗೆ ಸೇವಂತಿಗೆಯ ಹಾರವನ್ನು ಗೋಪುರದ ತುದಿ ಮುಚ್ಚುವ ಹಾಗೆ ನೇತುಹಾಕಿದೆ. ಅಪ್ಪ, "ಇವ್ನಿಗೆ ಭಕ್ತಿ ಬಂತಲ್ಲ ಮಾರಾಯ್ತಿ" ಎಂದು ಅಮ್ಮನಿಗೆ ಹೇಳಿದ.

ಚಿಕ್ಕಜ್ಜಿ ಕೋಲೂರಿಕೊಂಡು ಬಂದಳು. ಪೂಜೆ ಮುಗಿದು ಪ್ರಸಾದ ಕೈಗೆ ಬರುವವರೆಗೂ ಗೋಡೆಯ ಕಡೆ ನೋಡಲಿಲ್ಲ. ಅವಳಿಗೆ ಎಲ್ಲದಕ್ಕೂ ಜನ ತುಂಬಿರಬೇಕು. ಆಮೇಲೆ ಎದ್ದು ಹೋಗಿ ಗೋಡೆಯ ಮುಂದೆ ನಿಂತಳು. ನೆಂಟರೆಲ್ಲ ತಿರುಗಿದರು. ಅಜ್ಜಿ ಕುರ್ಚಿಯ ಕೈಯನ್ನು ಹಿಡಿದುಕೊಂಡಳು.

"ಹಾರ ಎಂತಕ್ಕೆ ಅಡ್ಡ? ತೆಗಿ."

"ಇರ್ಲಿ ಚಿಕ್ಕಜ್ಜಿ, ಚಂದ ಉಂಟು."

"ತೆಗಿಯಾ ಮಂಗ."

ಅವಳೇ ಕೋಲಿನಿಂದ ಸರಿಸಿದಳು. ನೋಡಿದಳು, ನೋಡಿದಳು.

"ಇದೇ!" ಎಂದಳು. "ಥೇಟ್ ಇದೇ ಮಠ! ನಾವು ಬದರಿಗೆ ಹೋದಾಗ ಇಲ್ಲೇ ಇಳ್ಕಂಡಿದ್ದು. ಇಕಾ, ಈ ಕಿಟಕಿ ನೋಡಿ, ಇದೇ ನಮ್ಮ ರೂಮು. ಈ ತಿರುವಲ್ಲಿ ಒಬ್ಬ ಚಾ ಮಾರ್ತಿದ್ದ, ಶುಂಠಿ ಹಾಕಿ ಕೊಡ್ತಿದ್ದ."

ನನಗೆ ನಗು ಬರಬೇಕಿತ್ತು. ಗಂಡಾಂತರ ಕಳೆಯಿತಲ್ಲ! ಆದರೆ ನೆಂಟರೆಲ್ಲ ಎದ್ದು ಚಿಕ್ಕಜ್ಜಿಯ ಸುತ್ತ ನೆರೆದರು. ಅವಳು ಒಂದೊಂದೇ ಕಿಟಕಿ, ಒಂದೊಂದೇ ತಿರುವು ತೋರಿಸುತ್ತಾ ಹೋದಳು. ಅಜ್ಜಿ ಇಷ್ಟು ದಿನ ಬೆರಳಿನಿಂದ ಹತ್ತಿದ ದಾರಿಯನ್ನು ಅವಳು ಕೋಲಿನಿಂದ ದಡದಡ ಹತ್ತುತ್ತಿದ್ದಳು. ಕೆಂಪು ಬಟ್ಟೆಯ ಹೆಂಗಸಿನ ಹತ್ತಿರ ಕೋಲು ನಿಂತಿತು.

"ನೋಡಿ ನೋಡಿ, ಇವ್ಳು! ಥೇಟ್ ನನ್ ಹಾಂಗೇ ಇದಾಳೆ. ನಾನೂ ಕೆಂಪು ಸೀರೆಲೇ ಹತ್ತಿದ್ದು."

ಎಲ್ಲರೂ ಹೋ ಎಂದರು. ಅಜ್ಜಿ ಎಲೆಅಡಿಕೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅದನ್ನು ನೋಡಿದ ಮೇಲೆ ನನ್ನಿಂದ ಸುಮ್ಮನಿರಲಾಗಲಿಲ್ಲ. "ಚಿಕ್ಕಜ್ಜಿ, ಅದು... ಅದು ಬದರಿ ಕಡೆ ಮಠ ಅಲ್ಲ."

"ಇದು ಯಾರ ದನಿ ಮಾಡ್ತಿದೀಯಾ?"

"ಯಾರದ್ದೂ ಅಲ್ಲ. ನ... ನಂದೇ."

ಯಾರೂ ನಗಲಿಲ್ಲ. ಗೋಪುರದ ತುದಿ ತೋರಿಸಿದೆ, ಫೋನು ತೋರಿಸಿದೆ. ಫೋನು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ, ಅಪ್ಪನ ಕೈಯಲ್ಲಿ ತುಂಬಾ ಹೊತ್ತು ನಿಂತು, ಅಜ್ಜಿಯ ಮಡಿಲಿಗೆ ಬಂತು. ಅವಳು ಫೋನು ನೋಡಲಿಲ್ಲ, ನನ್ನನ್ನು ನೋಡಿದಳು. ಮುಗಿಯಿತು, ಇನ್ನು ಈ ಮನೆಯಲ್ಲಿ ನನಗೆ ಸಂಜೆಯ ಕಾಫಿಯಿಲ್ಲ ಅಂದುಕೊಂಡೆ.

"ಹಂಗಾರೆ," ಎಂದಳು ಅಜ್ಜಿ ನಿಧಾನಕ್ಕೆ, "ಇವ್ಳು ಇಲ್ಲಿಗೆ ಹೋಗಿಲ್ಲ?"

"ಇಲ್ಲ ಅಜ್ಜಿ."

"ಈ ರೂಮಲ್ಲಿ ಉಳ್ಕಂಡಿಲ್ಲ?"

"ಸಾಧ್ಯವೇ ಇಲ್ಲ."

ಚಿಕ್ಕಜ್ಜಿ ಕೋಲು ಕೆಳಗಿಳಿಸಿ ಅಕ್ಕನ ಪಕ್ಕದಲ್ಲಿ ಕೂತಳು. "ನಾನೆಂತ ಮಾಡ್ಲಿ ಮಾರಾಯ್ತಿ," ಎಂದಳು, ಮೂಗಿನ ಹಿಮಾಲಯವೆಲ್ಲ ಕರಗಿದ ದನಿಯಲ್ಲಿ. "ಆ ತಿರುವಿಗೆಲ್ಲ ವಾಂತಿಯೋ ವಾಂತಿ. ಆ ಮಠ ಬಂದಾಗ ಸೀಟಲ್ಲಿ ಮಲಗಿದ್ದೆ. ಎದ್ದಾಗ ಬಸ್ ದಾಟಿ ಬಂದಿತ್ತು."

ಅಜ್ಜಿ ಅವಳಿಗೆ ಎಲೆ ಮಡಿಸಿ ಕೊಟ್ಟಳು. ಆಮೇಲೆ ನನ್ನನ್ನು ಕೇಳಿದಳು, "ಅಲ್ಲಿ ಯಾವ ದೇವರಾ?"

"ತಾಯಿ. ಕಪ್ಪು ಮೂರ್ತಿ, ಮಡಿಲಲ್ಲಿ ಮಗು. ಜನ ಸಾಲಲ್ಲಿ ನಿಂತು ಅವಳ ಕೈ ಮುಟ್ಟಿ ಬರ್ತಾರಂತೆ."

"ಶೃಂಗೇರೀಲೂ ತಾಯೇ" ಎಂದಳು. ಮಾತು ಅಲ್ಲಿಗೆ ಮುಗಿಯಿತು, ಅವಳ ಮಟ್ಟಿಗೆ. ನೆಂಟರಲ್ಲಿ ಇಬ್ಬರು ಮುಖ ಗಂಟಿಕ್ಕಿಕೊಂಡೇ ಊಟ ಮಾಡಿದರು. ಅಪ್ಪ ಗೋಪುರದ ತುದಿಯ ಮೇಲೊಂದು ಗಡಿಯಾರ ಹಾಕಿದರೆ ಹೇಗೆ ಎಂದು ಈಗಲೂ ಒಮ್ಮೊಮ್ಮೆ ಗೋಡೆ ಅಳೆಯುತ್ತಾನೆ. ಜಗಲಿಗೆ ಹೊಸಬರು ಬಂದು ತಲೆಯೆತ್ತಿದರೆ ನಾನು ಇವತ್ತಿಗೂ ಮೆಲ್ಲಗೆ ಹಿತ್ತಿಲಿಗೆ ಜಾರುತ್ತೇನೆ.

ಅಜ್ಜಿಗೆ ಮಾತ್ರ ಅಂಥದ್ದೇನೂ ಇಲ್ಲ. ಬಂದವರನ್ನು ಗೋಡೆಯ ಮುಂದೆ ನಿಲ್ಲಿಸಿ, ಗಲ್ಲ ಸ್ವಲ್ಪ ಮೇಲೆತ್ತಿ, ಕಣ್ಣು ಅರ್ಧ ಮುಚ್ಚಿ, ಕೆಂಪು ಬಟ್ಟೆಯವಳ ಮೇಲೆ ಬೆರಳಿಟ್ಟು ಹೇಳುತ್ತಾಳೆ:

"ಇದು ನನ್ನ ತಂಗಿ ಹೋಗದೇ ಇರೋ ಮಠ. ಇಕಾ, ಇದು ನಾನು."